ಸೂಜಿ ಬಿಟ್ಟು ಹೋದವನು

“ಮೂಗು ನೋಡ್ರೋ, ಮೂಗು! ಈ ಮೂಗು ನಮ್ಮ ಮನೇದಲ್ದೆ ಇನ್ಯಾರ ಮನೇದು?”

ಅಜ್ಜಿಯ ಚಿಕ್ಕ ಮಗ ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಕಟಿಂಗ್ ಮೇಜಿನ ಮೇಲೆ ಬಗ್ಗಿದ್ದ. ಅರ್ಧ ಕತ್ತರಿಸಿದ ಕೋಟಿನ ಬಟ್ಟೆಯನ್ನು ಮೂಲೆಗೆ ದೂಡಿ, ಆ ಜಾಗದಲ್ಲಿ ಮೇಜಿನಷ್ಟೇ ಅಗಲದ ಒಂದು ಫೋಟೋ ಹರಡಿದ್ದರು. ಸುರುಳಿ ಸುತ್ತಿಕೊಳ್ಳದಿರಲಿ ಅಂತ ಒಂದು ಕಡೆ ಕತ್ತರಿ, ಇನ್ನೊಂದು ಕಡೆ ನೂಲಿನ ಡಬ್ಬಿ. ಫೋಟೋದಲ್ಲಿ ಮೂರು ಸಾಲು ಸೈನಿಕರು. ಮುಂದಿನವರು ಕೂತಿದ್ದರು, ನಡುವಿನವರು ನಿಂತಿದ್ದರು, ಹಿಂದಿನವರು ಬೆಂಚು ಹತ್ತಿದ್ದರು. ಅವರಲ್ಲೊಬ್ಬ ಈ ಮನೆಯ ಹುಡುಗ. ಯಾರು ಅನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

“ಮೂಗಿನ ಮಾತು ಬಿಡು,” ಅಂದ ದೊಡ್ಡ ಮಗ. “ಅದೇ ಮೂಗು ಅರ್ಧ ಪಡೆಗಿದೆ. ಕಿವಿ ನೋಡು. ನಡು ಸಾಲಲ್ಲಿ, ಎಡಗಡೆಯಿಂದ ಮೂರನೆಯವನು. ನಮ್ಮ ತಾತನ ಕಿವೀನೂ ಹೀಗೇ, ಬಾಗಿಲು ತೆಗೆದಿಟ್ಟ ಹಾಗೆ.”

ಅವನ ಹೆಂಡತಿ ಮೂಲೆಯಲ್ಲಿ ಕೂತು ಅಂಗಿಗೆ ಕಾಜ ಹೊಲಿಯುತ್ತಿದ್ದಳು. ದಾರವನ್ನು ಹಲ್ಲಲ್ಲೇ ಕಡಿದು ಎದ್ದು ಬಂದಳು. “ನಾನು ಹೊರಗಿಂದ ಬಂದ ಸೊಸೆ, ನನಗೆ ಪಕ್ಷಪಾತ ಇಲ್ಲ. ನನ್ನ ಕೇಳಿದ್ರೆ ಮುಂದೆ ಕೂತಿದಾನಲ್ಲ, ಆ ಮೀಸೆಯವನೇ.”

“ಯಾಕಂತೆ?”

“ನೋಡೋಕೆ ಲಕ್ಷಣವಾಗಿದಾನೆ.”

“ಹಾಗಾದ್ರೆ ಅವನು ಈ ಮನೆಯವನು ಅಲ್ಲವೇ ಅಲ್ಲ,” ಅಂದ ಗಂಡ. ಅಂಗಡಿಯೆಲ್ಲ ನಕ್ಕಿತು.

ನಗದೆ ಇದ್ದವಳು ಅಜ್ಜಿ ಒಬ್ಬಳೇ. ಕಿಟಕಿ ಪಕ್ಕದ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಕಾಲು ಪೆಡಲಿನ ಮೇಲಿತ್ತು, ಚಕ್ರ ತಿರುಗುತ್ತಿರಲಿಲ್ಲ. ಫೋಟೋವನ್ನು ಅವಳು ಆಗಲೇ ಒಂದು ಸಲ ಮೊದಲಿಂದ ಕೊನೆವರೆಗೆ ನೋಡಿ ಬಂದಿದ್ದಳು. ಒಬ್ಬೊಬ್ಬನ ಮುಖದ ಮೇಲೂ ಬೆರಳಿಟ್ಟು ನಿಂತಿದ್ದಳು. ಎಲ್ಲಾದರೂ ಎದೆ ಧಸಕ್ ಅನ್ನುತ್ತದೇನೋ ಅಂತ ಕಾದಿದ್ದಳು. ಅನ್ನಲಿಲ್ಲ. ಆ ಸಂಕಟಕ್ಕೆ ಬಂದು ಕೂತಿದ್ದಳು.

ಅವಳು ಹುಡುಕುತ್ತಿದ್ದದ್ದು ತನ್ನ ಅಣ್ಣನನ್ನು. ಅಣ್ಣ ಸೈನ್ಯಕ್ಕೆ ಹೋದಾಗ ಅವಳಿನ್ನೂ ಸರಿಯಾಗಿ ಮಾತು ಕಲಿತಿರಲಿಲ್ಲ. ಅದೇ ವರ್ಷ ಯುದ್ಧ ಬಂತು, ಅಣ್ಣ ವಾಪಸ್ಸು ಬರಲಿಲ್ಲ. ಮನೆಯಲ್ಲಿ ಒಂದೇ ಒಂದು ಫೋಟೋ ಇರಲಿಲ್ಲ. “ನಿನ್ನ ಸೊಂಟದ ಮೇಲೆ ಕೂರಿಸ್ಕೊಂಡು ಅಂಗಡಿಯೆಲ್ಲಾ ಸುತ್ತುತ್ತಿದ್ದ. ಕೆಳಗಿಳಿಸಿದ್ರೆ ಊರೇ ಒಂದಾಗೋ ಹಾಗೆ ಅಳ್ತಿದ್ದೆ,” ಅಂತ ಅವಳ ತಾಯಿ ಹೇಳುತ್ತಿದ್ದಳು. ಅದನ್ನು ನೆನೆದಾಗಲೆಲ್ಲ ಅಜ್ಜಿಗೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು. ಅಷ್ಟು ಹತ್ತಿರದಿಂದ ನೋಡಿದ ಮುಖ, ನೆನಪಿಲ್ಲ ಅಂದರೆ ಏನು ಹೇಳುವುದು? ಎಂಬತ್ತರ ಹತ್ತಿರ ಬಂದರೂ ‘ಅಣ್ಣ’ ಅನ್ನುವ ಮಾತಿಗೆ ಅವಳ ಬಳಿ ಒಂದು ಮುಖ ಇರಲಿಲ್ಲ. ಅಂಗಡಿಗೆ ಬಂದ ಎತ್ತರದ ಗಂಡಸರ ಬೆನ್ನಿಗೆ ಟೇಪು ಹಿಡಿಯುವಾಗ, ಇಷ್ಟೇ ಎತ್ತರ ಇದ್ದನೇನೋ ಅಂದುಕೊಳ್ಳುತ್ತಿದ್ದಳು. ಅವರು ತಿರುಗಿ ನಿಂತರೆ ಯಾರೋ ಗಿರಾಕಿ.

ಅಪ್ಪನನ್ನು ಕೇಳುವ ಹಾಗಿರಲಿಲ್ಲ. ಮಗ ಹೊಲಿದ ಕಾಲರನ್ನು ಅವನು ಗಿರಾಕಿಗಳ ಮುಂದೆಯೇ ಬಿಚ್ಚಿಸಿದ್ದನಂತೆ. ಒಂದು ಸಲ ಅಲ್ಲ, ಮತ್ತೆ ಮತ್ತೆ. ಮಗ ಸೂಜಿಯನ್ನು ಮೇಜಿಗೆ ಚುಚ್ಚಿ, “ಬಂದೂಕ ಹಿಡೀತೀನಿ, ಇನ್ನು ಇದನ್ನ ಮುಟ್ಟಿದ್ರೆ ಕೇಳು,” ಅಂದವನು ಮೆಟ್ಟಿಲಿಳಿದು ಹೋಗಿಯೇ ಬಿಟ್ಟ. ಸಾಯುವ ತನಕ ಅಪ್ಪ ಅವನ ಹೆಸರೆತ್ತಲಿಲ್ಲ. ಯಾರಾದರೂ ಕೇಳಿದರೆ, “ಸೂಜಿ ಬಿಟ್ಟು ಹೋದವನ ಮಾತು ನನ್ನ ಹತ್ರ ಬೇಡ,” ಅನ್ನುತ್ತಿದ್ದ. ಅಲ್ಲಿಂದ ಮನೆಯಲ್ಲಿ ಅಣ್ಣನಿಗೆ ಅದೇ ಹೆಸರಾಯಿತು.

ಈಗ ಈ ಫೋಟೋವನ್ನು ಹೊತ್ತು ತಂದವಳು ಮೊಮ್ಮಗಳು. ಬಟ್ಟೆ ಕತ್ತರಿಸುವ ಕೆಲಸ ಅವಳದು, ಮಾತೂ ಹಾಗೇ, ಹಾಗಾಗಿ ಎಲ್ಲರ ಬಾಯಲ್ಲೂ ಅವಳು ‘ಕತ್ತರಿ’. ಅಂಗಡಿಗೆ ರಜೆ ಇದ್ದ ದಿನಗಳಲ್ಲೆಲ್ಲ ಒಂದು ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದಳು. ಒಂದು ಕಚೇರಿಯವರು ಇನ್ನೊಂದಕ್ಕೆ ಕಳಿಸಿದರು, ಅವರು ಮತ್ತೊಂದಕ್ಕೆ ಕಳಿಸಿದರು, ಆ ಮತ್ತೊಂದರವರು ಮೊದಲನೆಯದಕ್ಕೇ ಹೋಗಿ ಅಂದರು. “ನಿಮ್ಮಲ್ಲಿ ಯಾರಿಗೆ ಮೊದಲು ತಲೆ ಕೆಟ್ಟಿದ್ದು ಹೇಳಿ, ಅಲ್ಲಿಂದ ಶುರು ಮಾಡ್ತೀನಿ,” ಅಂತ ಅಲ್ಲೇ ಕುರ್ಚಿ ಎಳೆದು ಕೂತಳಂತೆ. ಕೊನೆಗೆ ಅಜ್ಜಿಯ ಅಣ್ಣ ಯಾವ ತುಕಡಿಯಲ್ಲಿದ್ದ ಅನ್ನುವುದು ಗೊತ್ತಾಯಿತು. ಆ ತುಕಡಿಯ ಮಾಜಿ ಸೈನಿಕರದೊಂದು ಸಂಘ ಇದೆ ಅನ್ನುವುದೂ ಗೊತ್ತಾಯಿತು. ಸಂಘದ ಕಾರ್ಯದರ್ಶಿ ಹಳೆಯ ಸಭಾಂಗಣದ ಬೀಗ ತೆಗೆಸಿ, ಗೋಡೆಯ ಮೇಲಿದ್ದ ಆ ವರ್ಷದ ಫೋಟೋ ತೋರಿಸಿದ. ಕತ್ತರಿ ಖುಷಿಯಲ್ಲಿ ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಕಣ್ಣಿಗೆ ಬಿತ್ತು: ಫೋಟೋದ ಕೆಳಗೆ ಹೆಸರುಗಳಿದ್ದ ಪಟ್ಟಿಯೇ ಇಲ್ಲ. ಹೊಸ ಚೌಕಟ್ಟಿಗೆ ಹಿಡಿಸಲಿಲ್ಲ ಅಂತ ಯಾರೋ ಪುಣ್ಯಾತ್ಮ ಅದನ್ನು ಕತ್ತರಿಸಿ ಹಾಕಿದ್ದ.

“ಅಳತೆ ತಗೊಳ್ದೆ ಕತ್ತರಿ ಹಾಕಿದವನ ಕೈ ಸೇದಿಹೋಗ!” ಅಂದಿದ್ದಳು ಅಜ್ಜಿ, ಸುದ್ದಿ ಕೇಳಿ. ದರ್ಜಿಗಳ ಮನೆಯಲ್ಲಿ ಅದಕ್ಕಿಂತ ದೊಡ್ಡ ಶಾಪ ಇಲ್ಲ.

ಕಾರ್ಯದರ್ಶಿ ಒಳ್ಳೆಯ ಮನುಷ್ಯ. ಫೋಟೋವನ್ನು ದೊಡ್ಡದು ಮಾಡಿಸಿ ಕೊಟ್ಟ. ಬದಲಿಗೆ ಕೇಳಿದ್ದು ಒಂದೇ. ಸಂಘದ ವಾರ್ಷಿಕ ಸಭೆಗೆ ಅವನು ತನ್ನ ಹಳೆಯ ಸೈನ್ಯದ ಕೋಟು ಹಾಕಿಕೊಳ್ಳಬೇಕಿತ್ತು, ಹಳೇ ಕೋಟಿನೊಳಗೆ ಹೊಸ ಹೊಟ್ಟೆ ಹೋಗುತ್ತಿರಲಿಲ್ಲ. ಅದನ್ನು ಬಿಚ್ಚಿ ಅಗಲ ಮಾಡುವ ಕೆಲಸ ಕತ್ತರಿ ವಹಿಸಿಕೊಂಡಿದ್ದಳು. ಇವತ್ತೇ ಅವನು ಟ್ರಯಲ್ ನೋಡಲು ಬರುವವನಿದ್ದ.

“ಜಗಳ ಮುಗೀತಾ?” ಅಂತ ಅಜ್ಜಿ ಕಿಟಕಿಯ ಬಳಿಯಿಂದಲೇ ಕೇಳಿದಳು.

“ಜಗಳ ಅಲ್ಲಮ್ಮ, ಚುನಾವಣೆ,” ಅಂದ ಚಿಕ್ಕ ಮಗ. “ನನ್ನ ಮೂಗಿಗೆ ಒಂದು ಮತ, ಅಣ್ಣನ ಕಿವಿಗೆ ಒಂದು, ಅತ್ತಿಗೆಯ ಮೀಸೆಗೆ ಒಂದು. ನಿನ್ನ ಮತ ಯಾರಿಗೋ ಅವನೇ ಗೆದ್ದ.”

“ನನಗೆ ಬೇಡ. ಸುತ್ತಿಡಿ ಅದನ್ನ.”

“ಅಜ್ಜೀ!” ಕತ್ತರಿಯ ಮುಖ ಬಾಡಿತು. “ಎಷ್ಟು ಬಾಗಿಲು ತಟ್ಟಿ ತಂದಿದೀನಿ ಗೊತ್ತಾ?”

“ಗೊತ್ತು ಕಣೇ ಕಂದ. ನಿನ್ನ ಕಾಲು ಸವೆದಿದ್ದು ನಂಗೆ ಗೊತ್ತಿಲ್ವಾ?” ಅಜ್ಜಿಯ ದನಿ ಮೆತ್ತಗಾಯಿತು. “ಆದ್ರೆ ಯಾರೋ ತಾಯಿ ಹೆತ್ತ ಮಗನ್ನ ತೋರಿಸಿ ಇವನೇ ನಿನ್ನ ಅಣ್ಣ ಅಂದ್ರೆ, ನಾನು ಹೂಂ ಅಂದುಬಿಟ್ರೆ, ನಮ್ಮಣ್ಣ ಅಲ್ಲೇ ಪಕ್ಕದಲ್ಲೇ ನಿಂತ್ಕೊಂಡು, ಎಲಾ ಇವಳಾ, ನನ್ನ ಗುರುತೇ ಹಿಡೀಲಿಲ್ವಲ್ಲಾ ಅಂತ ನೋಡ್ತಿರ್ತಾನೆ. ಇಷ್ಟು ವರ್ಷ ಮುಖ ಇಲ್ದೆ ಇದ್ದೆ, ಇನ್ನೂ ಇರ್ತೀನಿ. ತಪ್ಪು ಮುಖ ಇಟ್ಕೊಂಡು ಸಾಯೋದು ನಂಗೆ ಬೇಡ.”

ದೊಡ್ಡ ಮಗ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿಕೊಂಡ. ಕತ್ತರಿ ಫೋಟೋದ ಮೇಲಿದ್ದ ನೂಲಿನ ಡಬ್ಬಿಯನ್ನು ಎತ್ತಿದಳು. ಕಾಗದ ಒಂದು ಕಡೆಯಿಂದ ತಾನಾಗಿಯೇ ಸುತ್ತಿಕೊಳ್ಳತೊಡಗಿತು.

ಚಿಕ್ಕ ಮಗನಿಗೆ ಸುಮ್ಮನಿರುವುದು ಹುಟ್ಟಿನಿಂದಲೇ ಬಂದದ್ದಲ್ಲ. ಇಸ್ತ್ರಿ ಪೆಟ್ಟಿಗೆಯ ಕಡೆ ತಿರುಗಿದವನು, ಸುತ್ತಿಕೊಳ್ಳುತ್ತಿದ್ದ ಫೋಟೋವನ್ನು ಇನ್ನೊಂದು ಸಲ ನೋಡಿ, ನಿಟ್ಟುಸಿರು ಬಿಟ್ಟ.

“ಏನೇ ಹೇಳಿ, ಆ ಕಾಲದ ಸೈನ್ಯದ ಬಟ್ಟೆ ಅಂದ್ರೆ ಬಟ್ಟೆ. ಸುಕ್ಕಿಲ್ಲ, ಜೋಲಿಲ್ಲ. ಇವರಿಗೆ ಹೊಲಿದವನು ಯಾವನೋ, ಅವನೊಬ್ಬ ನಮ್ಮ ಅಂಗಡೀಲಿ ಇದ್ದಿದ್ರೆ ನಾವು ಯಾವತ್ತೋ ಉದ್ಧಾರ ಆಗ್ತಿದ್ವಿ.”

ಕತ್ತರಿಯ ಕೈ ಅಲ್ಲೇ ನಿಂತಿತು.

“ಚಿಕ್ಕಪ್ಪಾ, ಏನಂದೆ?”

“ಏನಂದೆ? ಅಂಗಡಿ ಉದ್ಧಾರ—”

“ಅದಲ್ಲ. ಸೈನ್ಯದಲ್ಲಿ ಬಟ್ಟೆ ಯಾರಾದ್ರೂ ಅಳತೆ ತಗೊಂಡು ಹೊಲೀತಾರಾ? ಕಾರ್ಯದರ್ಶಿ ಹೇಳ್ತಿದ್ರು. ಬರೋದೇ ಮೂರು ಅಳತೆ. ದೊಡ್ಡದು, ತೀರಾ ದೊಡ್ಡದು, ಯಾರಿಗೂ ಆಗದ್ದು. ಹಗ್ಗ ಕಟ್ಟಿಕೊಂಡು ತಿರುಗ್ತಿದ್ವಿ ಅಂದ್ರು.”

ದೊಡ್ಡ ಮಗ ಕನ್ನಡಕ ಹಾಕಿಕೊಂಡ. ಸುತ್ತಿಕೊಂಡಿದ್ದ ಕಾಗದವನ್ನು ಎರಡೂ ಅಂಗೈಯಿಂದ ಮತ್ತೆ ಬಿಡಿಸಿ ಒತ್ತಿದ. ಈಗ ಅವನು ಮುಖಗಳನ್ನು ನೋಡುತ್ತಿರಲಿಲ್ಲ. ಕತ್ತಿನಿಂದ ಕೆಳಗೆ ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ಅವನ ಬಾಯಿ ತೆರೆದುಕೊಂಡಿತು.

“ಈ ದಪ್ಪಗಿನವನನ್ನ ನೋಡು. ಪಕ್ಕದ ಹೊಲಿಗೆ ಬಿಚ್ಚಿ ಪಟ್ಟಿ ಕೊಟ್ಟಿದಾರೆ.”

“ಈ ಗಿಡ್ಡಗಿನವನ ಜೇಬು ಮೇಲಕ್ಕೆ ಎತ್ತಿ ಹೊಲಿದಿದಾರೆ, ಇಲ್ದಿದ್ರೆ ಹೊಟ್ಟೆ ಮೇಲೆ ಕೂತಿರೋದು,” ಅಂದ ತಮ್ಮ.

“ಈ ಕಡ್ಡಿ ಪೈಲ್ವಾನನ ಸೊಂಟ ಹಿಡಿದು ಹೊಲಿದಿರೋದು ನೋಡಿ!” ಅಂದಳು ಸೊಸೆ.

ಕಿಟಕಿಯ ಬಳಿ ಕುರ್ಚಿ ಕಿರ್ರೆಂದಿತು. ಅಜ್ಜಿ ಎದ್ದು ಬರುತ್ತಿದ್ದಳು. ಮಕ್ಕಳಿಬ್ಬರೂ ಜಾಗ ಬಿಟ್ಟರು. ಅವಳು ಮೇಜಿಗೆ ಒರಗಿ, ನಡು ಸಾಲಿನ ತುದಿಯಲ್ಲಿ ನಿಂತವನ ಮೇಲೆ ಬೆರಳಿಟ್ಟಳು. ಬಹಳ ಹೊತ್ತು ಅಲ್ಲಿಂದ ತೆಗೆಯಲಿಲ್ಲ.

“ಇವನ ಬಲಗೈ ಕೆಳಗೆ ಇಳಿದಿದೆ, ನೋಡಿದ್ರಾ? ಒಂದು ಭುಜ ಬಿದ್ದಿದೆ ಇವನಿಗೆ. ಹುಟ್ಟಿನಿಂದಲೋ, ಏನೋ. ಆದ್ರೆ ಅಂಗಿಯ ಭುಜ ಸಮ ಇದೆ. ಒಳಗೆ ಬಟ್ಟೆ ಮಡಿಸಿ ಇಟ್ಟು ಹೊಲಿದಿದಾರೆ, ಯಾರಿಗೂ ಗೊತ್ತಾಗಬಾರ್ದು ಅಂತ.” ಅಜ್ಜಿ ಆ ಭುಜದ ಗೆರೆಯುದ್ದಕ್ಕೂ ಬೆರಳು ಎಳೆದಳು. “ಹಾಗೆ ಇಡೋದನ್ನ ನಮ್ಮಪ್ಪ ನಂಗೂ ಕಲಿಸಿದ್ದ. ಗಿರಾಕಿಯ ಕುಂದು ಗಿರಾಕಿಗೂ ಗೊತ್ತಾಗಬಾರ್ದು ಅಂತಿದ್ದ.”

ಕತ್ತರಿ ಎರಡೂ ಕೈ ಮೇಲೆತ್ತಿ ಕಿರುಚಿದಳು.

“ಬಿಟ್ಟಿರ್ಲಿಲ್ಲ ಅಜ್ಜೀ! ಸೂಜಿ ಬಿಟ್ಟಿರ್ಲಿಲ್ಲ ಅವನು! ಅಲ್ಲಿಗೂ ಹೋಗಿ ಹೊಲೀತಾ ಕೂತಿದಾನೆ!”

“ಎಲಾ ಕಳ್ಳ!” ಚಿಕ್ಕ ಮಗ ಮೇಜು ಗುದ್ದಿದ. ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿದಳು, ನಗುವೋ ಅಳುವೋ ಅವಳಿಗೇ ಗೊತ್ತಾಗಲಿಲ್ಲ. ಬಂದೂಕ ಹಿಡಿಯುತ್ತೇನೆ ಅಂತ ಅಪ್ಪನ ಮುಂದೆ ಎದೆ ತಟ್ಟಿ ಹೋದವನು, ಇಡೀ ತುಕಡಿಯ ತೋಳು ಮಡಿಸುತ್ತ, ಜೇಬು ಎತ್ತುತ್ತ ಕೂತಿದ್ದ ಚಿತ್ರ ಎಲ್ಲರ ಕಣ್ಣಿಗೂ ಕಟ್ಟಿತು. ಮನೆತನದ ಚಟ ಅಂದರೆ ಅದು. ಬಿಡುತ್ತೇನೆ ಅಂದರೆ ಬಿಡುತ್ತದೆಯೇ?

“ಹಾಗಾದ್ರೆ ಸುಲಭ ಆಯ್ತು,” ಅಂದ ದೊಡ್ಡ ಮಗ. “ಎಲ್ಲರಿಗಿಂತ ಚೆನ್ನಾಗಿ ಹಾಕ್ಕೊಂಡಿರೋನೇ ದರ್ಜಿ. ಹುಡುಕಿ. ಇಗೋ, ಅಧಿಕಾರಿಯ ಪಕ್ಕದವನು. ಇವನ ಕಾಲರ್ ನೋಡಿ, ಗೆರೆ ಎಳೆದ ಹಾಗಿದೆ.”

“ನೋಡಿ, ನಾನು ಹೇಳಿದ ಮೀಸೆಯವನೇ!” ಅಂದಳು ಹೆಂಡತಿ.

ಅಜ್ಜಿ ಫೋಟೋದಿಂದ ತಲೆಯೆತ್ತಿ ತನ್ನ ಸಂಸಾರವನ್ನು ಒಂದು ಸುತ್ತು ನೋಡಿದಳು. ದೊಡ್ಡ ಮಗನ ಕಾಲರಿನ ಅಂಚು ಪಿಸಿದು ದಾರ ನೇತಾಡುತ್ತಿತ್ತು. ಚಿಕ್ಕ ಮಗನ ಅಂಗಿಯ ನಡು ಗುಂಡಿ ಎಂದೋ ಹಾರಿಹೋಗಿ, ಆ ಜಾಗದಲ್ಲಿ ಪಿನ್ನು ಚುಚ್ಚಿದ್ದ. ಸೊಸೆಯ ರವಿಕೆಯ ತೋಳು ಒಂದು ಹೊಲಿದಿತ್ತು, ಇನ್ನೊಂದಕ್ಕೆ ಬರೀ ಕಚ್ಚಾ ಹೊಲಿಗೆ. ಕತ್ತರಿಯ ಲಂಗದ ಅಂಚು ಒಂದು ಕಡೆ ಇಳಿದು ನೆಲ ಗುಡಿಸುತ್ತಿತ್ತು. ತನ್ನ ಮೈಮೇಲಿನದನ್ನು ಅಜ್ಜಿ ನೋಡಿಕೊಳ್ಳಲೇ ಇಲ್ಲ, ಅದರ ಕಥೆ ಅವಳಿಗೆ ಗೊತ್ತಿತ್ತು.

“ಈ ಮನೇಲಿ ಯಾವ ದರ್ಜಿ ಚೆನ್ನಾಗಿ ಹಾಕ್ಕೊಂಡಿದಾನೆ ಹೇಳ್ರೋ ನಂಗೆ,” ಅಂದಳು.

ಒಬ್ಬರನ್ನೊಬ್ಬರು ನೋಡಿಕೊಂಡರು. ಚಿಕ್ಕ ಮಗ ಮೆಲ್ಲಗೆ ಪಿನ್ನಿನ ಮೇಲೆ ಕೈ ಮುಚ್ಚಿಕೊಂಡ. ಮರುಕ್ಷಣ ಐದೂ ತಲೆ ಫೋಟೋದ ಮೇಲೆ ಡಿಕ್ಕಿ ಹೊಡೆದವು. ಈಗ ಹುಡುಕಬೇಕಾದದ್ದು ಎಲ್ಲರಿಗಿಂತ ಕೆಟ್ಟದಾಗಿ ಹಾಕಿಕೊಂಡವನನ್ನು.

ಅವನು ಸಿಕ್ಕಲು ತಡವಾಗಲಿಲ್ಲ. ಹಿಂದಿನ ಸಾಲಿನ ಬಲತುದಿಯಲ್ಲಿ, ಬೆಂಚಿನ ಮೇಲೆ ಅರ್ಧ ಕಾಲಿಗೆ ಜಾಗ ಸಿಕ್ಕವನ ಹಾಗೆ ನಿಂತಿದ್ದ. ಅಂಗಿಯ ತೋಳು ಬೆರಳ ತುದಿ ದಾಟಿತ್ತು. ಕಾಲರಿನೊಳಗೆ ಇನ್ನೊಂದು ಕತ್ತಿಗೆ ಜಾಗವಿತ್ತು. ಎರಡು ಗುಂಡಿ ಇರಲೇ ಇಲ್ಲ. ಸರ್ಕಾರ ಕೊಟ್ಟದ್ದನ್ನು ಕೊಟ್ಟ ಹಾಗೇ ತಲೆಯಿಂದ ಇಳಿಬಿಟ್ಟುಕೊಂಡು ಬಂದಿದ್ದ.

“ಸುಮ್ನೆ ಒಬ್ಬ ಸೋಮಾರಿ ಇರಬಹುದಲ್ವಾ?” ಅಂದ ದೊಡ್ಡ ಮಗ. ಅಜ್ಜಿಯ ಮಾತು ಅವನ ಮನಸ್ಸಿನಲ್ಲಿ ಇನ್ನೂ ಇತ್ತು, ತಪ್ಪು ಮುಖ ಆಗಬಾರದು.

“ಅಪ್ಪಾ, ಅವನ ಕಣ್ಣು ನೋಡು,” ಅಂದಳು ಕತ್ತರಿ.

ಫೋಟೋದಲ್ಲಿ ಎಲ್ಲರೂ ಕ್ಯಾಮೆರಾ ನುಂಗುವವರ ಹಾಗೆ ಎದುರಿಗೆ ನೋಡುತ್ತಿದ್ದರು. ಅವನೊಬ್ಬ ನೋಡುತ್ತಿರಲಿಲ್ಲ. ಕತ್ತನ್ನು ಸ್ವಲ್ಪ ಹೊರಳಿಸಿ, ಕಣ್ಣು ಕಿರಿದು ಮಾಡಿ, ಪಕ್ಕದವನ ಭುಜದ ಹೊಲಿಗೆಯನ್ನು ನೋಡುತ್ತಿದ್ದ. ತುಟಿಯ ಒಂದು ತುದಿ ಮೇಲೆದ್ದಿತ್ತು. ಪರವಾಗಿಲ್ಲ, ಕೂತಿದೆ, ಅನ್ನುವ ಹಾಗೆ.

ನಗು ಎಲ್ಲಿಂದ ಶುರುವಾಯಿತೋ ಗೊತ್ತಿಲ್ಲ. ಚಿಕ್ಕ ಮಗ ನಗುತ್ತ ನಗುತ್ತ ಬಟ್ಟೆಯ ಗಂಟಿನ ಮೇಲೆ ಕುಸಿದು ಕೂತ. ಮದುವೆ ಮನೆಗೆ ಹೋದರೆ ಹೆಣ್ಣು ಗಂಡಿನ ಮುಖ ಬಿಟ್ಟು ಕೋಟಿನ ಬೆನ್ನು ನೋಡಿಕೊಂಡು ಬರುವ ಜನ ಇವರು. ಸಾವಿನ ಮನೆಯಲ್ಲೂ ಒಮ್ಮೆ ಅಳುತ್ತಿದ್ದವರ ತೋಳು ಎಳೆದು, “ಇದ್ಯಾರು ಹೊಲಿದಿದ್ದು?” ಅಂತ ಕೇಳಿ ಬೈಸಿಕೊಂಡಿದ್ದ ದೊಡ್ಡ ಮಗ. ಸೋಮಾರಿ ಅಂತ ಅನುಮಾನಪಟ್ಟವನೂ ಅವನೇ. ಈಗ ಕಣ್ಣೊರೆಸಿಕೊಳ್ಳುತ್ತ, “ನಮ್ಮ ಮಾವನೇ. ನಮ್ಮ ಸೋದರಮಾವನೇ ಕಣಮ್ಮ. ಅನುಮಾನವೇ ಇಲ್ಲ,” ಅಂದ.

ಅಜ್ಜಿ ಕೇಳಿಸಿಕೊಂಡಳೋ ಇಲ್ಲವೋ. ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು, ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ತಂದುಕೊಂಡಿದ್ದಳು. ಉಳಿದ ಕಾಗದವೆಲ್ಲ ಮೇಜಿನಿಂದ ಕೆಳಗೆ ಜೋಲಾಡುತ್ತಿತ್ತು. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ ಅವನಿಗೆ. ಕೆನ್ನೆ ಒಳಕ್ಕೆ ಹೋಗಿತ್ತು. ಹುಬ್ಬಿನ ಒಂದು ಕೊನೆ ಎದ್ದು ನಿಂತಿತ್ತು, ಕತ್ತರಿಯದೂ ಬೆಳಿಗ್ಗೆ ಎದ್ದಾಗ ಹಾಗೆಯೇ ಇರುತ್ತದೆ.

“ಅಯ್ಯೋ, ಎಷ್ಟು ಚಿಕ್ಕವನು ಕಣೇ!” ಅಂದಳು ಅಜ್ಜಿ. “ಅಣ್ಣ ಅಣ್ಣ ಅಂತ ನಾನು ಯಾರೋ ದೊಡ್ಡ ಗಂಡಸು ಅನ್ಕೊಂಡಿದ್ದೆ. ನಿನಗಿಂತ ಚಿಕ್ಕವನು ಇವನು. ನೋಡು, ಕತ್ತು ನೋಡು ಇವನದು, ಗುಬ್ಬಿ ಕತ್ತು. ಊಟ ಸರಿಯಾಗಿ ಮಾಡ್ತಿರ್ಲಿಲ್ವೇನೋ.”

ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು. ಆಮೇಲೆ ಅವಳ ದನಿಯೇ ಬದಲಾಯಿತು. ಅಂಗಡಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಗದರುವ ದನಿ ಅದು.

“ಲೋ, ಏನೋ ಇದು ಅವತಾರ? ಆ ತೋಳು ಒಂದು ಮಡಿಕೆ ಮಡಿಸ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ? ಫೋಟೋ ತೆಗೀತಾರೆ ಅಂತ ಗೊತ್ತಿರ್ಲಿಲ್ವಾ ನಿಂಗೆ? ಊರೋರಿಗೆಲ್ಲಾ ಕಾಲರ್ ಕೂರಿಸಿ, ನೀನು ಗೋಣಿಚೀಲ ಹಾಕ್ಕೊಂಡು ನಿಂತಿದೀಯಲ್ಲೋ, ನನ್ನಪ್ಪಾ!”

ಜೀವಮಾನವೆಲ್ಲ ‘ಅಣ್ಣ’ ಅಂದವಳು ಒಂದೇ ಏಟಿಗೆ ‘ಲೋ’ಗೆ ಇಳಿದದ್ದು ಕೇಳಿ ಮಕ್ಕಳಿಗೆ ಇನ್ನಷ್ಟು ನಗು ಬಂತು. ಆ ಗದ್ದಲದಲ್ಲಿ ಬಾಗಿಲು ತೆರೆದದ್ದು ಯಾರಿಗೂ ಕೇಳಿಸಲಿಲ್ಲ.

“ಏನಮ್ಮಾ, ಹಬ್ಬವೋ ಜಗಳವೋ?” ಅಂತ ಸಂಘದ ಕಾರ್ಯದರ್ಶಿ ಒಳಗೆ ಬಂದ. ಅವನ ಹೊಟ್ಟೆ ಮೊದಲು ಬಂತು, ಆಮೇಲೆ ಅವನು. ಕತ್ತರಿ ನಗುವನ್ನು ತಡೆದುಕೊಂಡು ಅವನ ಕೋಟನ್ನು ಮೊಳೆಯಿಂದ ತೆಗೆದಳು. ಪಕ್ಕದ ಹೊಲಿಗೆ ಬಿಚ್ಚಿ ಪಟ್ಟಿ ಕೊಟ್ಟು ಕಚ್ಚಾ ಹೊಲಿದಿದ್ದಳು. ಅವನು ತೋಳು ತೂರಿಸಿಕೊಳ್ಳುತ್ತ ಮೇಜಿನ ಕಡೆ ನೋಡಿದ.

“ಓ, ನಮ್ಮ ಫೋಟೋ! ಗುರುತು ಸಿಕ್ತಾ? ಯಾರು?”

ಅಜ್ಜಿ ಫೋಟೋವನ್ನು ಅವನ ಕಡೆ ತಿರುಗಿಸಿ ಬೆರಳು ತೋರಿಸಿದಳು. ಅವನು ಬಗ್ಗಿ ನೋಡಿದ. ಹಳೆಯ ಸೈನಿಕನ ಕಣ್ಣು ಮೊದಲು ಹೋದದ್ದು ಉಡುಪಿನ ಮೇಲೆ.

“ಇವನಾ! ಸಾಲಿಗೆ ಸಾಲೇ ಶಿಸ್ತಾಗಿದೆ, ಇವನೊಬ್ಬ ಕೆಡಿಸಿಬಿಟ್ಟಿದಾನೆ. ನಾನು ಇದ್ದಿದ್ರೆ ಮೈದಾನ ಸುತ್ತಿಸ್ತಿದ್ದೆ.” ಅವನು ನಾಲಿಗೆಯಿಂದ ಲೊಚಗುಟ್ಟಿದ. “ದರ್ಜಿ ಮನೆ ಹುಡುಗ ಬೇರೆ. ತನ್ನದೂ ಒಂದು ಸರಿ ಮಾಡ್ಕೋಬಾರ್ದಿತ್ತಾ?”

“ಮಾಡ್ಕೋತಿದ್ದ ಕಣಪ್ಪಾ,” ಅಂದಳು ಅಜ್ಜಿ. “ಪುರುಸೊತ್ತಾಗ್ಲಿಲ್ಲ.”

ಕಾರ್ಯದರ್ಶಿ ಬಗ್ಗಿದವನು ನೆಟ್ಟಗಾದ. ಕತ್ತರಿ ಬಾಯಲ್ಲಿ ಪಿನ್ನು ಕಚ್ಚಿಕೊಂಡು ಅವನ ಬೆನ್ನ ಹಿಂದೆ ನಿಂತಿದ್ದಳು. ಅವನು ಅವಳಿಗೆ ಅನುಕೂಲವಾಗಲೆಂದು ಎರಡೂ ತೋಳನ್ನು ನಿಧಾನವಾಗಿ ಅಗಲಿಸಿದ.

ಚಿಕ್ಕ ಮಗ ಇಸ್ತ್ರಿ ಪೆಟ್ಟಿಗೆ ಬಿಸಿಯಿದೆಯೇ ಅಂತ ನೀರಿನ ಹನಿ ಚಿಮುಕಿಸಿ ನೋಡಿದ. ಸೊಸೆ ಕಾಜದ ಅಂಗಿಯನ್ನು ಮತ್ತೆ ಮಡಿಲಿಗೆಳೆದುಕೊಂಡಳು. ಅಜ್ಜಿ ಮೇಜಿನ ಬಳಿಯೇ ನಿಂತು, ಹೆಬ್ಬೆರಳಿನಿಂದ ಆ ಉದ್ದ ತೋಳಿನ ತುದಿಯನ್ನು ಮೇಲಕ್ಕೆ, ಮಣಿಕಟ್ಟಿನವರೆಗೆ, ಮೆಲ್ಲಗೆ ಸವರುತ್ತಿದ್ದಳು.